ಗದಗ ಸ್ಟೇಷನ್ನಿನಲ್ಲಿ ಹಿಮದ ಹುಳ

ಗದಗ ಸ್ಟೇಷನ್, ಏಪ್ರಿಲ್ ಮಧ್ಯಾಹ್ನ. ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದ ಧಾರವಾಡದ ಅಧ್ಯಾಪಕರೊಬ್ಬರು ಥರ್ಮಾಸ್ ಹಿಡಿದು ಬಂದು ಅದನ್ನು ತಣ್ಣಗಿಡಲು ಸೋಡಾ ಅಂಗಡಿಯಲ್ಲಿ ಬರ್ಫ ಕೇಳಿದರು. ಥರ್ಮಾಸಿನೊಳಗಿನ ಡಬ್ಬಿಯಲ್ಲಿದ್ದದ್ದು, ಅವರೇ ಹೇಳಿದಂತೆ, ಹಿಮಾಲಯದ ಹಿಮದಂಚಿನ ಕಲ್ಲುಗಳ ಕೆಳಗೆ ಬದುಕುವ, ಜೇಡದಂಥ ಉದ್ದ ಕಾಲಿನ ಜೀವಿ. ಸೆಕೆ ತಾಳದು. ತಂದವುಗಳಲ್ಲಿ ಉಳಿದದ್ದು ಇದೊಂದೇ. ಧಾರವಾಡಕ್ಕೆ ಜೀವಂತ ಮುಟ್ಟಿಸಿದರಷ್ಟೇ ಅವರ ಸಂಶೋಧನೆ ಮುಂದುವರಿಯುತ್ತದೆ.

“ಬಲಿ ನೇಯತೈತೇನ್ರಿ?” ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಬೆಟಗೇರಿಯ ನೇಕಾರರೊಬ್ಬರು ಕೇಳಿದರು.

“ಇಲ್ರಿ. ಇದಕ್ಕ ನೂಲ ತೆಗ್ಯಾಕ ಬರಂಗಿಲ್ಲ.”

“ನೇಯದಿದ್ರ ಜ್ಯಾಡ ಹೆಂಗಾತ್ರಿ? ನಮ್ಮ ಅಳಿಯಾನಂಗ ಐತಿ ಬಿಡ್ರಿ.”

ಅಧ್ಯಾಪಕರು ಡಬ್ಬಿ ತೆರೆದರು. ಒದ್ದೆ ಹತ್ತಿಯ ಮೇಲೆ ಜೀವಿ ಮುದುಡಿ ಬಿದ್ದಿತ್ತು. ಪಕ್ಕದಲ್ಲಿ ಅದರಿಂದ ಕಳಚಿದ ಕಾಲೊಂದು ತಾನಾಗಿಯೇ ಮಿಡಿಯುತ್ತಿತ್ತು.

“ಜೀವ ಐತ್ರಿ ಸರ!” ಎಂದರು ಸೋಡಾ ಅಂಗಡಿಯ ಹುಸೇನಸಾಬರು.

“ಕಳಚಿದ ಮ್ಯಾಲೂ ಕಾಲು ಹಿಂಗ ಆಡತೈತ್ರಿ. ಅದನ್ನ ನೋಡಿ ಜೀವ ಐತಿ ಅಂತ ಹೇಳಾಕ ಬರಂಗಿಲ್ಲ.”

ನಾನೂ ಬಗ್ಗಿ ನೋಡಿದೆ. ಬದುಕಿದೆಯೋ ಸತ್ತಿದೆಯೋ ತಿಳಿಯಲಿಲ್ಲ.

ನೇಕಾರರು ಈ ಸಲ ತಮಾಷೆ ಮಾಡಲಿಲ್ಲ. “ಮಗ್ಗ ನಿಂತೈತಿ, ಲಾಳಿ ಓಡಾಕ ಹತ್ತೈತಿ,” ಎಂದರು.

ಗಾಡಿ ಬಂತು. ಅಧ್ಯಾಪಕರು ಆ ಕಾಲನ್ನೂ ಬಿಡದೆ ಡಬ್ಬಿ ಮುಚ್ಚಿ, ಹುಸೇನಸಾಬರತ್ತ ಥರ್ಮಾಸ್ ಚಾಚಿದರು.

“ಇನ್ನಷ್ಟು ಬರ್ಫ ಹಾಕ್ರಿ.”