ಮೀಟರಿನ ಮೇಲಿನ ಬೊಟ್ಟು

ಗೇರು ಯಾವಾಗ ಬದಲಾಯಿಸಬೇಕು ಎಂಬ ವಿಷಯದಲ್ಲಿ ನಂಜನಗೂಡಿನ ಗಂಡಸರಷ್ಟು ಮಾತಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮಣ್ಣನ ಗೆಳೆಯರು ಮೆಕ್ಯಾನಿಕ್ ಶಾಪಿನ ಮುಂದೆ ಟೀ ಹಿಡಿದು ನಿಂತರೆ ಮುಗಿಯಿತು. ಒಬ್ಬ, ಇಂಜಿನ್ ಸದ್ದನ್ನು ಕಿವಿಯಲ್ಲಿ ಕೇಳಿ ಬದಲಾಯಿಸಬೇಕು ಅನ್ನುವನು. ಇನ್ನೊಬ್ಬ, ಅಂಗಾಲು ಜುಮ್ಮೆಂದಾಗ ಬದಲಾಯಿಸಬೇಕು ಅನ್ನುವನು. ಇಬ್ಬರಿಗೂ ಸ್ವಂತ ಗಾಡಿ ಇರಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇಸವಿ. ಅಪ್ಪನ ಹಳೇ ಟೂ ಸ್ಟ್ರೋಕ್ ಬೈಕಿನ ಇಂಜಿನ್ ಬಿಚ್ಚಿ, ಸಿಲಿಂಡರ್ ಕೊರೆಸಿ, ದೊಡ್ಡ ಪಿಸ್ಟನ್ ಕೂರಿಸಿದ್ದರು. ಬೋರ್ ಮಾಡಿಸುವುದು ಅನ್ನುತ್ತಾರೆ. ಅವ್ವ ನನ್ನನ್ನು ಹೆತ್ತು, ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದೇ ಗಾಡಿಯಲ್ಲಿ. ಅಪ್ಪ ಮಂಡಿನೋವಿನಿಂದ ಕಿಕ್ ಹೊಡೆಯಲಾಗದೆ ಅದನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದರು. ಬೋರ್ ಮುಗಿಸಿ ಗಾಡಿ ವಾಪಸ್ ಕೊಡುವಾಗ ಮೆಕ್ಯಾನಿಕ್ ನನ್ನೆದುರಿಗೇ ಹೇಳಿದ್ದ: "ಇದೇ ಕೊನೇ ಬೋರು ಕಣಪ್ಪ. ಇನ್ನೊಂದ್ಸಲ ಜಾಮ್ ಆದ್ರೆ ಕೊರೆಯಕೆ ಏನೂ ಉಳ್ದಿಲ್ಲ, ಗುಜ್ರಿಗೇ ಆಕದು. ಸಾವಿರ ಕಿಲೋಮೀಟ್ರು ಮೆಲ್ಲಗೆ ಓಡ್ಸು."

ಅಣ್ಣ ತಲೆಯಾಡಿಸಿದ. ಅದೇ ವಾರ ಬನ್ನೂರಿನ ರೈಸ್ ಮಿಲ್ಲಿನವರ ಮಗನ ಹೊಸ ಬೈಕಿನ ಮೇಲೆ ರೇಸು ಕಟ್ಟಿಕೊಂಡು ಬಂದ. ಆ ಮಹಾಶಯ ನಮ್ಮ ಗಾಡಿಯನ್ನು ಸೊಳ್ಳೆಗೆ ಹೊಗೆ ಹಾಕುವ ಮಿಷನ್ನು ಅಂದನಂತೆ. ಅಷ್ಟಕ್ಕೇ ನಮ್ಮ ವಂಶದ ಮಾನ ಹೋಗಿತ್ತು.

ನಮ್ಮಣ್ಣ ಜನ್ಮದಲ್ಲಿ ತನ್ನದು ತಪ್ಪು ಎಂದವನಲ್ಲ. ಕೇರಂನಲ್ಲಿ ಸೋತರೆ ಪೌಡರ್ ಸರಿಯಿಲ್ಲ. ಪರೀಕ್ಷೆಯಲ್ಲಿ ಫೇಲಾದರೆ ಮೇಷ್ಟ್ರಿಗೆ ಇವನ ಅಕ್ಷರ ಓದಲು ಬರುವುದಿಲ್ಲ. ಅಂಥವನು ಅಂಗಳದಲ್ಲಿ ನಿಂತು ನನಗೆ ಪಾಠ ಮಾಡಿದ. ಇಂಜಿನ್ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಮೀಟರಿನ ಗಾಜಿನ ಮೇಲೆ, ನಾಲ್ಕೂವರೆ ಸಾವಿರದ ಹತ್ತಿರ, ದೇವರ ಮನೆಯ ಕುಂಕುಮ ಕಲಸಿ ಒಂದು ಬೊಟ್ಟು ಇಟ್ಟ.

"ಓಡ್ಸುವಾಗ ಅಂಕಿ ಓದಕಾಯ್ತದೇನೇ? ಮುಳ್ಳು ಬೊಟ್ಟು ಮುಟ್ತಾ, ಗೇರ್ ಆಕು. ಅಷ್ಟೇಯ. ರೇಸೂ ಗೆಲ್ತೀನಿ, ಇಂಜಿನ್ನೂ ಉಳೀತದೆ."

ಹೊಸ ಇಂಜಿನ್ ಕೆಮ್ಮದ ಹಾಗೆ ರೇಸು ಗೆಲ್ಲುವ ವಿದ್ಯೆಯನ್ನು ನಂಜನಗೂಡಿನಲ್ಲಿ ಇವನೊಬ್ಬನೇ ಕಂಡುಹಿಡಿದಿದ್ದ! ಗೆಳೆಯರು ಬಂದು ಬೊಟ್ಟು ನೋಡಿ ಭೇಷ್ ಅಂದು ಹೋದರು.

ಸೋಮವಾರ ಬೆಳಿಗ್ಗೆ ಅವ್ವ ಎಂದಿನಂತೆ ಗಾಡಿ ಒರೆಸಿ ಹೆಡ್‌ಲೈಟಿಗೆ ವಿಭೂತಿ ಎಳೆದಳು. ಮೀಟರಿನ ಹತ್ತಿರ ಬಂದವಳು ಮುಖ ಸಿಂಡರಿಸಿದಳು. "ಎಡಗಡೆ ಬೊಟ್ಟಿಟ್ಟವ್ನಲ್ಲ, ಇವ್ನಿಗೆ ಶಾಸ್ತ್ರ ಗೊತ್ತಾ?" ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿ ಬಲಗಡೆ, ಮೊದಲೇ ಕೆಂಪು ಪಟ್ಟಿ ಇದ್ದ ಕಡೆ, ಅಚ್ಚುಕಟ್ಟಾಗಿ ದುಂಡನೆಯ ಬೊಟ್ಟಿಟ್ಟಳು. ನಾನು ಜಡೆ ಹಾಕಿಕೊಳ್ಳುತ್ತಾ ನೋಡುತ್ತಿದ್ದೆ. ನನಗೂ ಹೊಸ ಬೊಟ್ಟೇ ಚೆನ್ನಾಗಿ ಕಂಡಿತು.

ನಾನು ಆಗ ತಿ. ನರಸೀಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಅವತ್ತು ಬಸ್ ಸ್ಟಾಪಿನವರೆಗೆ ಅಲ್ಲ, ಕಾಲೇಜಿನವರೆಗೇ ಬಿಡುತ್ತೇನೆ ಎಂದು ಅಣ್ಣ ಹೊರಟಾಗಲೇ ನನಗೆ ಅನುಮಾನ ಬರಬೇಕಿತ್ತು. ದಾರಿಯುದ್ದಕ್ಕೂ ಮೆಕ್ಯಾನಿಕ್ ಹೇಳಿದ ಹಾಗೆ ಮೆಲ್ಲಗೆ ಓಡಿಸಿದ, ಸೈಕಲ್ಲಿನವರೂ ನಮ್ಮನ್ನು ದಾಟಿ ಹೋದರು. ಮೀಟರಿನ ಮುಳ್ಳು ಎಡಗಡೆಯೇ ತೂಕಡಿಸುತ್ತಿತ್ತು, ಇವನು ಅದರ ಕಡೆ ನೋಡಲೂ ಇಲ್ಲ. ರಸ್ತೆ ನೇರವಾಗುವ ಕಡೆ, ಕಬ್ಬಿನ ಗದ್ದೆ ಪಕ್ಕ, ಬನ್ನೂರಿನವನು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಾಯುತ್ತಿದ್ದ. ನನ್ನನ್ನು ಟಿಫಿನ್ ಡಬ್ಬಿ ಸಮೇತ ಇಳಿಸಿ, ಕರ್ಚೀಫು ಬೀಸು ಅಂದರು. ಬೀಸಿದೆ. ಇಬ್ಬರಿಗೂ ಸೇರಿ ಅದಕ್ಕಿಂತ ಹೆಚ್ಚಿನ ಮರ್ಯಾದೆ ಬೇಕಿರಲಿಲ್ಲ.

ಒಂದನೇ ಗೇರಿನಲ್ಲೇ ಅಪ್ಪನ ಗಾಡಿ ಕಿರುಚಿತು. ಇನ್ನು ಬದಲಾಯಿಸುತ್ತಾನೆ, ಇನ್ನು ಬದಲಾಯಿಸುತ್ತಾನೆ ಎಂದು ನಾನೇ ಕಾಲು ಒತ್ತಿದೆ. ಇವನು ಬೊಟ್ಟಿಗೆ ಕಾಯುತ್ತಿದ್ದ. ಎರಡನೇ ಗೇರಿನಲ್ಲಿ ಬನ್ನೂರಿನವನನ್ನು ಹಿಂದೆ ಹಾಕಿದ್ದು ನಿಜ. ಮೂರಕ್ಕೆ ಬಂದಾಗ ಕಿರುಚಾಟ ತಟ್ಟನೆ ನಿಂತಿತು, ಹಿಂದಿನ ಚಕ್ರ ಬಿಗಿದುಕೊಂಡಿತು, ಅಣ್ಣ ಗಾಡಿ ಸಮೇತ ಜಾರಿ ಗದ್ದೆಯ ಕೆಸರಿಗೆ ಬಿದ್ದ.

ನಾನು ಓಡಿದೆ. ಪುಣ್ಯಕ್ಕೆ ಮೈಯೆಲ್ಲ ಕೆಸರು ಬಿಟ್ಟರೆ ಏನೂ ಆಗಿರಲಿಲ್ಲ. ಎದ್ದು ಗಾಡಿ ನಿಲ್ಲಿಸಿ ಕಿಕ್ ಒತ್ತಿದ, ಅದು ಕಲ್ಲಿನ ಹಾಗೆ ಕೂತಿತ್ತು. ಆಮೇಲೆ ಎಂದಿನಂತೆ ಶುರು ಮಾಡಿದ. ಆಯಿಲ್ ಕಲಬೆರಕೆ, ಮೆಕ್ಯಾನಿಕ್ ಮೋಸಗಾರ, ನಾನು ಕರ್ಚೀಫು ಬೀಸಿದ್ದು ತಡ. ಹಾಗೇ ಬಯ್ಯುತ್ತಾ ಮೀಟರಿನ ಕೆಸರು ಒರೆಸಿದ. ಗಾಜಿನ ಬಲಗಡೆ, ಮುಳ್ಳು ಮುಟ್ಟಲೇಬಾರದ ಕೆಂಪು ಪಟ್ಟಿಯ ಮೇಲೆ, ಅರ್ಧ ಅಳಿಸಿದ ಬೊಟ್ಟು ಇತ್ತು.

"ಇದ್ಯಾರೇ ಇಟ್ಟಿದ್ದು?"

"ಅವ್ವ. ಎಡಗಡೆ ಇಡಬಾರ್ದಂತೆ."

ಬನ್ನೂರಿನವನು ಹಿಂದಕ್ಕೆ ಬಂದು ನಕ್ಕು ಹೋದ.

ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಗಾಡಿ ಹಾಕಿಸಿಕೊಂಡು ಮನೆಗೆ ಬಂದೆವು. ಇವತ್ತು ಅವ್ವನ ಗತಿ ಅಷ್ಟೇ ಎಂದು ನನಗೆ ಹೆದರಿಕೆ. ಪೌಡರನ್ನೇ ಬಿಡದವನು ಇದನ್ನು ಬಿಡುತ್ತಾನೆಯೇ? ಅವ್ವ ಅಳುತ್ತಾ ಅವನ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ.

"ಓದ್ರೆ ಓಗ್ಲಿ ಗಾಡಿ. ಬೆಳಗ್ಗೆ ನಾನಿಟ್ಟ ಬೊಟ್ಟೇ ಕಣ್ಮಗ ನಿನ್ನ ಕಾಪಾಡದ್ದು."

ಅಣ್ಣ ನನ್ನ ಮುಖ ನೋಡಿದ. ಆಮೇಲೆ, "ಊ ಕಣವ್ವ. ಅದೇಯ ಕಾಪಾಡ್ತು," ಅಂದ.

ಆ ಇಂಜಿನ್ ಮತ್ತೆ ಸ್ಟಾರ್ಟ್ ಆಗಲಿಲ್ಲ. ಗುಜರಿಗೆ ಹಾಕಲು ಅವ್ವ ಬಿಡಲಿಲ್ಲ. ಪ್ರತಿ ಸೋಮವಾರ ನಿಂತಲ್ಲೇ ನಿಂತ ಗಾಡಿಯನ್ನು ಒರೆಸಿ, ಮೀಟರಿನ ಬಲಗಡೆ ಬೊಟ್ಟಿಡುತ್ತಿದ್ದಳು. ಅದು ಯಾವ ಅಂಕಿಯ ಮೇಲಿದೆ ಎಂದು ಅಣ್ಣ ಒಂದು ದಿನವೂ ಅವಳಿಗೆ ಹೇಳಲಿಲ್ಲ.