ಟೀಚರ ಪಾರ್ಸೆಲ್ ನನ್ನ ಬೀರುವಿನಲ್ಲಿತ್ತು

ಪುಟ್ಟರಾಜು, ಮೀನಾಕ್ಷಿ ಟೀಚರ ಪಾರ್ಸೆಲ್ ಕಳೆದುಹೋಗಿರಲಿಲ್ಲ. ನೀನು ಕದ್ದಿರಲೂ ಇಲ್ಲ. ನಾಲ್ಕು ದಿನ ಅದು ಅಂಚೆ ಕಚೇರಿಯ ಬೀರುವಿನಲ್ಲಿ, ಹಳೆಯ ಫಾರಂ ಕಟ್ಟುಗಳ ಹಿಂದೆ ಇತ್ತು. ಇಟ್ಟವನು ನಾನು. ಎಲ್ಲರ ಮುಂದೆ ನಿನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ್ದೂ ನಾನೇ. ಆರು ವರ್ಷ ಆಯಿತು.

ಯಾಕೆ ಅಂತ ನೀನು ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ — ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಕೊಡಲು ಬಹಳ ಪ್ರಯತ್ನಪಟ್ಟಿದ್ದೇನೆ. ಇಲಾಖೆಯ ಮೇಲಿನ ಅಭಿಮಾನ, ಊರಿನ ಹಿತ, ಸರ್ಕಾರಿ ಸೇವೆ... ಒಂದೂ ಒಗ್ಗಲಿಲ್ಲ. ನಿನ್ನನ್ನು ನೋಡಿದರೆ ನನಗೆ ಉರಿಯುತ್ತಿತ್ತು, ಅಷ್ಟೇ.

ಇದನ್ನು ನಿನ್ನ ಜೊತೆ ಊರಿನವರೂ ಕೇಳಬೇಕು ಅಂತಿದ್ದೇನೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

ಸಂತೆಬಾಚಹಳ್ಳಿಯಿಂದ ಒಳಗೆ ಹೋದರೆ ಸಿಗುವ ನಮ್ಮೂರಿನಲ್ಲಿ ಅಂಚೆ ಕಚೇರಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ಒಂದು ಮೇಜು, ಒಂದು ತಕ್ಕಡಿ, ಒಂದು ಬೀರು, ಗೋಡೆಗೆ ಕೆಂಪು ಡಬ್ಬ. ನನ್ನ ಹೆಸರು ಚೆಲುವೇಗೌಡ ಅಂತ ರೇಷನ್ ಕಾರ್ಡಿಗಷ್ಟೇ ಗೊತ್ತು. ಊರಿಗೆಲ್ಲ ನಾನು ಪೋಸ್ಟ್ ಚೆಲುವಣ್ಣ. ಬಸ್ಸಿನಲ್ಲಿ ಬಂದ ಚೀಲ ಬಿಚ್ಚುವುದು, ಮುದ್ರೆ ಒತ್ತುವುದು, ಸೈಕಲ್ ಹತ್ತಿ ಹಂಚುವುದು ಎಲ್ಲ ನಾನೇ. ತೋಟದ ಮನೆಗಳಿಗೆ, ಗುಡ್ಡದಾಚೆ ಇರುವ ನಾಲ್ಕು ಗುಡಿಸಲಿಗೆ — ಒಂದೇ ಒಂದು ಕಾಗದ ಇದ್ದರೂ ಹೋಗಿ ಕೊಟ್ಟು ಬಂದವನು. ಆ ಗರ್ವ ನನಗಿತ್ತು. ಇರಬೇಕಾದ್ದೇ ಅಂದುಕೊಂಡಿದ್ದೆ.

ಆಗ ನೀನು ಬಂದೆ. ಜೊತೆಯಲ್ಲೇ ಸ್ಲೇಟು ಹಿಡಿದವನು, ಏಳನೇ ಕ್ಲಾಸಿಗೆ ಇಸ್ಕೂಲು ಬಿಟ್ಟವನು, ಇಪ್ಪತ್ತು ವರ್ಷ ಲಾರಿ ಓಡಿಸಿ ಸೊಂಟ ನೋವು ಅಂತ ಊರಿಗೆ ವಾಪಸಾದವನು. ಕೆ.ಆರ್. ಪೇಟೆಯ ಕೊರಿಯರ್ ಗೋಡೌನಿನಲ್ಲಿ ಕೆಲಸ ಹಿಡಿದು, ಬೈಕಿನ ಹಿಂದೆ ಒಂದು ದೊಡ್ಡ ಕರೀ ಚೀಲ ಕಟ್ಟಿಕೊಂಡು ಸುತ್ತಮುತ್ತಲ ಊರಿಗೆಲ್ಲ ಪಾರ್ಸೆಲ್ ಹಂಚತೊಡಗಿದೆ. ನಿನ್ನ ಹಾರನ್ನು ಕೇಳಿದರೆ ಹೆಂಗಸರು ಒಲೆ ಬಿಟ್ಟು ಈಚೆ ಬರುತ್ತಿದ್ದರು. ನನ್ನ ಸೈಕಲ್ ಬೆಲ್ಲಿಗೆ ಈಚೆ ಬರುತ್ತಿದ್ದದ್ದು ಪೆನ್ಷನ್ನಿನ ಮುದುಕರು, ಮತ್ತೆ ಬ್ಯಾಂಕಿನ ನೋಟೀಸು ಬಂತೇನೋ ಅಂತ ಹೆದರಿದವರು. ನೀನು ತರುತ್ತಿದ್ದದ್ದು ಅವರು ಆಸೆಪಟ್ಟು ತರಿಸಿದ ಸೀರೆ, ಬೂಟು, ಮಿಕ್ಸಿ. ಬಿಸಿಲಲ್ಲಿ ಬಂದೆ ಅಂತ ನಿನಗೆ ಮಜ್ಜಿಗೆ ಕೊಡುತ್ತಿದ್ದರು. ನಾನೂ ಅದೇ ಬಿಸಿಲಲ್ಲಿ ಇಪ್ಪತ್ತಾರು ವರ್ಷ ತಿರುಗಿದ್ದೆನಲ್ಲ — ಮಜ್ಜಿಗೆಯ ಲೆಕ್ಕ ಇಡುವಷ್ಟು ಸಣ್ಣವನಾಗಿಬಿಟ್ಟಿದ್ದೆ ನಾನು.

ಒಂದು ದಿನ ನೀನು ನಮ್ಮ ಮನೆಗೇ ಬಂದೆ. ನನ್ನ ಹೆಂಡತಿ ಕುಕ್ಕರು ತರಿಸಿದ್ದಳು, ನನಗೆ ಹೇಳದೆ. ಪೋಸ್ಟಾಫೀಸಿನ ಬೋರ್ಡಿನ ಕೆಳಗೆ ನಿಂತು ಆ ಪೆಟ್ಟಿಗೆಯನ್ನು ಅವಳ ಕೈಗಿಟ್ಟು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದೆ. ನಿನಗೆ ಅದು ತಮಾಷೆ. ನಾನೂ ನಕ್ಕೆ. ನೀನು ಹೋದ ಮೇಲೆ ಅವಳ ಮೇಲೆ ಹಾರಾಡಿದೆ. ಅವಳು ತಣ್ಣಗೆ, "ಅವ್ರು ಬಾಗ್ಲಿಗೆ ತಂದ್ಕೊಡ್ತಾರೆ, ನಿಮ್ ಚೀಲ ಬಸ್ಸು ಬಂದ್ರೆ ಬತ್ತದೆ, ಇಲ್ದಿದ್ರೆ ಇಲ್ಲ," ಅಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು, ಅದಕ್ಕೇ ಆ ರಾತ್ರಿ ಊಟ ಬಿಟ್ಟೆ.

ಇನ್ನೊಂದು ಮಾತು ನಿನಗೆ ನೆನಪಿದೆಯೋ ಇಲ್ಲವೋ. ಟೀ ಅಂಗಡಿಯಲ್ಲಿ ಎಂಟು ಹತ್ತು ಜನ ಕೂತಿದ್ದಾಗ ನೀನು ಅಂದೆ — "ನಮ್ ಚೆಲುವನ ಪೋಸ್ಟಲ್ಲಿ ಲಗ್ನಪತ್ರಿಕೆ ಆಕುದ್ರೆ, ಮಗೀನ ನಾಮಕರಣಕ್ಕೆ ಸರ್ಯಾಗ್ ಸೇರ್ತದೆ ಕಣ್ರಲಾ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ನನಗೆ ನಾನೇ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಅದೇ ತಿಂಗಳು ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಪುಸ್ತಕ ತಿರುವಿ, "ಆದಾಯ ಏನೂ ಇಲ್ವಲ್ರೀ. ಹೀಗೇ ಆದ್ರೆ ಈ ಶಾಖೆ ಯಾಕೆ ಬೇಕು ಅಂತ ಮೇಲಿನವರು ಕೇಳ್ತಾರೆ," ಅಂದರು. ಗುಡ್ಡದಾಚೆಯ ನಾಲ್ಕು ಗುಡಿಸಲಿಗೆ ಹೋಗಿಬಂದದ್ದು ಆ ಪುಸ್ತಕದ ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ. ನೀನು ಗುಡ್ಡದಾಚೆಗೆ ಹೋಗುತ್ತಿರಲಿಲ್ಲ, ಅಲ್ಲಿಯವರೇ ಟಾರು ರಸ್ತೆಗೆ ಇಳಿದು ಬಂದು ತೆಗೆದುಕೊಳ್ಳುತ್ತಿದ್ದರು. ಆದರೂ ಹೆಸರೆಲ್ಲ ನಿನಗೆ! ಇನ್‌ಸ್ಪೆಕ್ಟರು ಹೇಳಿದ ಮಾತಿನ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ ಅಂತ ಕುದಿಯುತ್ತಿದ್ದೆ. ಎದುರಿಗೆ ಸಿಕ್ಕವನು ನೀನು.

ನಮ್ಮೂರಿನಲ್ಲಿ ಒಂದು ರೂಢಿ ಇದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅವರಿಗೆ ಕೊಡಬೇಕಾದ್ದನ್ನು ಪೋಸ್ಟಾಫೀಸಿನಲ್ಲಿ ಬಿಟ್ಟು ಹೋಗುವುದು. ಮನೆ ಬೀಗದ ಕೈ, ಬಸ್ಸಿನಲ್ಲಿ ಕಳಿಸಿದ ಔಷಧಿ, ನೆಂಟರು ತಂದ ಹಲಸಿನಹಣ್ಣು, ಏನಾದರೂ. ಸಹಿ ಇಲ್ಲ, ಚೀಟಿ ಇಲ್ಲ. ನಮ್ಮಪ್ಪ ಪೋಸ್ಟ್ ನೋಡಿಕೊಳ್ಳುತ್ತಿದ್ದ ಕಾಲದಿಂದ ನಡೆದುಕೊಂಡು ಬಂದದ್ದು, ಒಂದು ಸೂಜಿಯೂ ಕಳೆದದ್ದಿಲ್ಲ. ನೀನು ಕೊರಿಯರಿನವನಾದರೂ ಊರಿನವನೇ ತಾನೇ, ನೀನೂ ಹಾಗೇ ಮಾಡುತ್ತಿದ್ದೆ. ಹೈಸ್ಕೂಲಿನ ಮೀನಾಕ್ಷಿ ಟೀಚರು ಹಗಲು ಮನೆಯಲ್ಲಿರುವುದಿಲ್ಲ. ಅವತ್ತು ನೀನು ನಮ್ಮ ಜಗಲಿಯ ಮೇಲೆ ನಿಂತೇ ಅವರಿಗೆ ಫೋನ್ ಮಾಡಿ ಓಟಿಪಿ ಕೇಳಿಕೊಂಡೆ. ನಿನ್ನ ಮೊಬೈಲಿನಲ್ಲಿ ಒತ್ತಿದೆ, ತಲುಪಿದೆ ಅಂತ ದಾಖಲಾಯಿತು. ಆಮೇಲೆ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟೆ.

"ಟೀಚರ್ ಬಂದ್ಮೇಕೆ ಕೊಟ್ಬುಡ್ಲಾ ಚೆಲುವ. ಒಸಾ ಫೋನಂತೆ, ಉಸಾರು. ನಂಗಿನ್ನೂ ಬೂಕನಕೆರೆ ಕಡೆ ಅತ್ತು ಮನೆ ಅವೆ."

ಇಷ್ಟು ಹೇಳಿ ಬೈಕು ಹತ್ತಿದೆ. ಅಕ್ಕಪಕ್ಕ ಯಾರೂ ಇರಲಿಲ್ಲ. ನಾನು ಆ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟೆ — ಯಾವಾಗಲೂ ಇಡುವ ಮೇಲಿನ ಅರೆಯಲ್ಲಿ ಅಲ್ಲ, ಕೆಳಗೆ, ಹಿಂದಕ್ಕೆ ತಳ್ಳಿ. ಒಂದು ದಿನ ಪರದಾಡಲಿ, ನಾಮಕರಣಕ್ಕೆ ತಲುಪಿಸುವುದು ಹೇಗೆ ಅಂತ ಅವನಿಗೂ ತಿಳಿಯಲಿ ಅಂದುಕೊಂಡೆ. ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಅಥವಾ ಅಷ್ಟೇ ಇತ್ತು ಅಂತ ಈಗ ನನಗೆ ಅನ್ನಿಸುತ್ತಿದೆಯೋ...

ಸಂಜೆ ಟೀಚರು ಬಂದರು. "ಚೆಲುವಣ್ಣ, ಪುಟ್ಟರಾಜು ನನ್ನದೊಂದು ಪಾರ್ಸೆಲ್ ಕೊಟ್ಟಿದ್ದಾರಂತಲ್ಲ?"

"ನನ್ ತಾವ ಯಾರೂ ಏನೂ ಕೊಟ್ಟಿಲ್ಲ ಟೀಚರ್."

ಎಷ್ಟು ಸುಲಭವಾಗಿ ಬಂತು ಆ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆದರೂ ಮಾರನೆಯ ಬೆಳಿಗ್ಗೆ ತನಕ ನನಗೆ ದಾರಿ ಇತ್ತು, ಪುಟ್ಟರಾಜು. "ಅಯ್ಯೋ, ಫಾರಂ ಹಿಂದೆ ಸರಿದಿತ್ತು, ನೋಡಿರಲಿಲ್ಲ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಟೀಚರು ನಗುತ್ತಿದ್ದರು. ನೀನು ನನಗೆ ಎರಡು ಬೈಗುಳ ಬೈದು ಟೀ ಕುಡಿಸುತ್ತಿದ್ದೆ.

ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ಊರೇ ನಿಂತಿತ್ತು. ನೀನು ನೇರ ನನ್ನ ಹತ್ತಿರ ಬಂದೆ. "ಏನ್ಲಾ ಚೆಲುವ, ನಿನ್ ಕೈಗೇ ಕೊಡ್ಲಿಲ್ವೇನ್ಲಾ ನಾನು? ಮೇಜಿನ ಮ್ಯಾಲೆ ಮಡುಗ್ಲಿಲ್ವಾ? ಯೋಳ್ಲಾ!" ಅಂದೆ. ಆಗಲೂ ನಿನಗೆ ನಾನು ಮರೆತಿದ್ದೇನೆ ಅಂತಲೇ ಇತ್ತು. ಸುಳ್ಳು ಹೇಳುತ್ತಿದ್ದೇನೆ ಅಂತ ಅನ್ನಿಸಿರಲಿಲ್ಲ. ನಾನು ಉತ್ತರ ಕೊಡುವ ಮೊದಲೇ ಡೈರಿ ಸೆಕ್ರೆಟರಿ ರಾಮೇಗೌಡರು ಬಾಯಿ ಹಾಕಿದರು.

"ಪೋಸ್ಟಾಫೀಸಲ್ಲಿ ಇವತ್ತಿನ್ಗಂಟ ಒಂದ್ ಕಾಗ್ದ ಕಳ್ದಿದ್ದದೇನಲಾ? ಅವ್ನ ಮ್ಯಾಲೆ ಆಕ್ತೀಯಲ್ಲ, ನಾಚ್ಕೆ ಆಗಕಿಲ್ವಾ? ಓಟಿಪಿ ಇಸ್ಕೊಂಡು ಫೋನ್ ನುಂಗ್ಬುಟ್ಟು!"

ಎಲ್ಲರೂ ನಿನ್ನ ಕಡೆಯಿಂದ ನನ್ನ ಕಡೆಗೆ ತಿರುಗಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ಎಷ್ಟೋ ವರ್ಷದ ಮೇಲೆ ಊರು ನನ್ನನ್ನು ದೊಡ್ಡವನಾಗಿ ನೋಡಿತ್ತು. ನಮ್ಮಪ್ಪ ಗಳಿಸಿಟ್ಟ ನಂಬಿಕೆ, ನಾನು ಬಿಸಿಲಲ್ಲಿ ತುಳಿದ ಸೈಕಲ್, ಎಲ್ಲವನ್ನೂ ಒಂದು ಸುಳ್ಳಿಗೆ ಖರ್ಚು ಮಾಡಿದೆ. ತಲೆ ಅಲ್ಲಾಡಿಸಿ, "ಇಲ್ಲ ಕಣ್ಲಾ ಪುಟ್ರಾಜ, ನೀನು ಕೊಟ್ಟಿಲ್ಲ," ಅಂದೆ. ನಿನ್ನ ಕೈಯಲ್ಲಿದ್ದ ಹಾಲಿನ ಕ್ಯಾನು ಅಲ್ಲೇ ಕೆಳಗಿಟ್ಟು ನೀನು ಹೊರಟುಹೋದೆ.

ಎರಡು ದಿನಕ್ಕೆ ನಿನ್ನ ಕಂಪನಿಯವನೊಬ್ಬ ಮೈಸೂರಿನಿಂದ ಬಂದ. ಅವನೂ ನನ್ನನ್ನೇ ಕೇಳಿದ. ನನ್ನ ಮಾತು ಕೇಳಿ, "ಪೋಸ್ಟ್ ಮಾಸ್ಟರೇ ಹೇಳ್ತಿದ್ದಾರಲ್ಲ, ಇನ್ನೇನು," ಅಂತ ಕಾಗದದಲ್ಲಿ ಬರೆದುಕೊಂಡ. ನೋಡು, ಖಾಸಗಿಯವನು ಕೂಡ ತನ್ನ ಆಳಿಗಿಂತ ಅಂಚೆಯವನನ್ನು ನಂಬಿದ. ಅವತ್ತೇ ನಿನ್ನನ್ನು ಕೆಲಸದಿಂದ ತೆಗೆದರು. ಕರು ಹಾಕಿದ್ದ ಹಸುವನ್ನು ಮಾರಿ ನೀನು ಟೀಚರ ಫೋನಿನ ದುಡ್ಡು ಕಟ್ಟಿಕೊಟ್ಟೆ. ನಿನ್ನ ಮಗಳನ್ನು ಇಸ್ಕೂಲಿನಲ್ಲಿ ಏನಂತ ಕರೆಯುತ್ತಿದ್ದರು ಅನ್ನುವುದು ನನಗೆ ಗೊತ್ತು. ಬರೆಯಲಾರೆ.

ಕಂಪನಿಯವನು ಬಂದುಹೋದ ಸಂಜೆ ಆ ಪೆಟ್ಟಿಗೆಯನ್ನು ಅಂಚೆ ಚೀಲದಲ್ಲಿ ಹಾಕಿಕೊಂಡು ಹೇಮಾವತಿ ನಾಲೆಯ ಏರಿಗೆ ಹೋದೆ. ನೀರು ತುಂಬಾ ಬಿಟ್ಟಿದ್ದರು. ಬಿಸಾಡಿದೆ. ಅಷ್ಟು ವರ್ಷದಲ್ಲಿ ನಾನು ತಲುಪಿಸದೆ ಬಿಟ್ಟದ್ದು ಅದೊಂದೇ.

ಒಂದು ತಿಂಗಳಲ್ಲಿ ನೀನು ಹೆಂಡತಿ ಮಗಳ ಜೊತೆ ಪಾಂಡವಪುರಕ್ಕೆ, ಮಾವನ ಮನೆಯ ಕಡೆ ಹೊರಟುಹೋದೆ. ನಿನ್ನ ಜಾಗಕ್ಕೆ ಯಾರೂ ಬರಲಿಲ್ಲ. ಈ ಊರಿಗೆ ಬಂದುಹೋಗುವುದು ಗಿಟ್ಟುವುದಿಲ್ಲ ಅಂತ ಆ ಕಂಪನಿಯವರು ನಮ್ಮ ಕಡೆಯ ಪಾರ್ಸೆಲ್ಲನ್ನೆಲ್ಲ ಅಂಚೆಗೇ ಹಾಕತೊಡಗಿದರು. ಈಗ ಸೀರೆ, ಬೂಟು, ಮಿಕ್ಸಿ ಎಲ್ಲ ನನ್ನ ಚೀಲದಲ್ಲೇ ಬರುತ್ತವೆ. ಆದಾಯ ಏರಿದೆ, ಶಾಖೆ ಉಳಿದಿದೆ, ಇನ್‌ಸ್ಪೆಕ್ಟರು ಬೆನ್ನು ತಟ್ಟಿದ್ದಾರೆ. ಹೆಂಗಸರು ನನಗೆ ಮಜ್ಜಿಗೆ ಕೊಡುತ್ತಾರೆ. ಬೇಡ ಅನ್ನಲಾಗದೆ ಕುಡಿಯುತ್ತೇನೆ. ನಿನ್ನದನ್ನೆಲ್ಲ ಕಿತ್ತುಕೊಂಡ ಮೇಲೂ, ನಂಬುತ್ತೀಯೋ ಇಲ್ಲವೋ, ನಿನ್ನ ಮೇಲಿನ ಕಿಚ್ಚು ಆರಲಿಲ್ಲ. ರಾತ್ರಿ ಹಾಸಿಗೆಗೆ ಹೋದ ಕೂಡಲೇ ನಿದ್ದೆ ಬರುವವನು ನೀನು ಅಂತ ಹೊಟ್ಟೆ ಉರಿದುಕೊಂಡೆ.

ಹೋದ ತಿಂಗಳು ಶ್ರೀರಂಗಪಟ್ಟಣದಲ್ಲಿ ನೆಂಟರ ತಿಥಿ ಮುಗಿಸಿಕೊಂಡು ಪಾಂಡವಪುರದಲ್ಲಿ ಇಳಿದೆ. ಹೇಳಿಬಿಡಬೇಕು ಅಂತಲೇ ಇಳಿದೆ. ನೀನು ಪೆಟ್ರೋಲ್ ಬಂಕಿನಲ್ಲಿದ್ದೆ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಓಡಿಹೋಗುತ್ತೀಯ, ಇಲ್ಲಾ ಕಪಾಳಕ್ಕೆ ಬಾರಿಸುತ್ತೀಯ ಅಂದುಕೊಂಡಿದ್ದೆ. ನೀನು ನನ್ನ ಕೈ ಹಿಡಿದುಕೊಂಡೆ.

"ಚೆಲುವ, ಅವತ್ತು ಡೈರಿ ತಾವ ಎಲ್ರೆದ್ರುಗೆ ನಿನ್ ಮ್ಯಾಲೆ ಆಕ್ಬುಟ್ಟೆ ಕಣ್ಲಾ. ತಪ್ಪಾಯ್ತು. ನಾನೇ ಇನ್ಯಾರ್ ಕೈಗೋ ಕೊಟ್ಬುಟ್ಟಿದ್ದೆ ಅಂತ ಕಾಣ್ತದೆ. ನೀನು ಸುಳ್ಳು ಯೋಳೋನಲ್ಲ. ಅವತ್ತಿಂದ ನಂಗೆ ನನ್ ಮ್ಯಾಲೇ ನಂಬ್ಕೆ ಇಲ್ಲ ಕಣೋ. ಇಲ್ಲೂ ಒಂದ್ ಗಾಡಿಗೆ ಎಣ್ಣೆ ಆಕುದ್ರೆ ಮೂರ್ ಸಲ ಮೀಟ್ರು ನೋಡ್ತೀನಿ. ಮರೆವು."

ಹಿಂದೆ ಒಂದು ಟ್ರಾಕ್ಟರು ನಿಂತು ಹಾರನ್ನು ಹೊಡೆಯುತ್ತಿತ್ತು. ನೀನು ಓಡಿದೆ. ನಾನು... ನಾನು ಬಸ್ಸು ಹತ್ತಿದೆ. ಹೇಳಲಿಕ್ಕೆಂದೇ ಅಲ್ಲಿ ಇಳಿದವನು, ನಿನ್ನ ಕ್ಷಮಾಪಣೆಯನ್ನೂ ಹೊತ್ತುಕೊಂಡು ವಾಪಸು ಬಂದೆ.

ನಿನ್ನ ಕೆಲಸ, ಹಸು, ಊರು ಹೋದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನಿನ್ನ ಕಣ್ಣು ಕಂಡದ್ದನ್ನು, ನಿನ್ನ ಕೈ ಮಾಡಿದ್ದನ್ನು ನೀನೇ ನಂಬದ ಹಾಗೆ ಮಾಡಿದ್ದೇನೆ ಅಂತ ಗೊತ್ತಿರಲಿಲ್ಲ.

ಇವತ್ತು ಸಂಜೆ ಮೀನಾಕ್ಷಿ ಟೀಚರಿಗೆ ಹೇಳಿದೆ. ಅವರು, "ನೀವು ಅಂದಿದ್ದಕ್ಕೇ ನಾನು ನಂಬಿದ್ದು ಚೆಲುವಣ್ಣ," ಅಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಳೆ ಬೆಳಿಗ್ಗೆ ಇದನ್ನು ಡೈರಿಯ ಮುಂದೆ ಓದುತ್ತೇನೆ, ರಾಮೇಗೌಡರು ಏನೇ ಅನ್ನಲಿ. ಇನ್‌ಸ್ಪೆಕ್ಟರಿಗೂ ಬರೆದಿದ್ದೇನೆ, ಕೆಲಸ ಹೋದರೆ ಹೋಗಲಿ. ಆಮೇಲೆ ಈ ಹಾಳೆಗಳನ್ನು ತೆಗೆದುಕೊಂಡು ನಾನೇ ಪಾಂಡವಪುರಕ್ಕೆ ಬರುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ನೀನು ಓದಿ ಮುಗಿಸುವ ತನಕ ಅಲ್ಲೇ ನಿಂತಿರುತ್ತೇನೆ, ಟ್ರಾಕ್ಟರಲ್ಲ ಏನು ಬಂದರೂ.

ನಿನಗೆ ಮರೆವಿಲ್ಲ, ಪುಟ್ಟರಾಜು. ಯಾವತ್ತೂ ಇರಲಿಲ್ಲ.