ಅತ್ತೆಯ ಅಳತೆಯ ತೊಟ್ಟಿ

ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದಾಗ ನಮ್ಮ ಬ್ಯಾಪ್ಟಿಸ್ಟ್ ಸಭೆಗೆ ಸ್ವಂತ ದೇವಾಲಯವಿರಲಿಲ್ಲ. ಅತ್ತೆಯ ಪಡಸಾಲೆಯಲ್ಲೇ ಆರಾಧನೆ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ರೈಲ್ವೆ ಕಾರ್ಖಾನೆಗೆ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳು ಸೇರುತ್ತ ಸೇರುತ್ತ, ಭಾನುವಾರ ಜನ ಅಡುಗೆಮನೆಯವರೆಗೂ ಬಂದು ಕೂಡುವಂತಾಯಿತು. ಪಾದ್ರಿಯವರು ಪ್ರಾರ್ಥನೆ ಉದ್ದ ಮಾಡಿದರೆ ನಮ್ಮ ಬೇಳೆ ಸೀಯುತ್ತಿತ್ತು.

"ಇನ್ನ ಒಂದು ಮನಿತನ ಬಂತಂದ್ರ ನಾನು ಮಾಳಿಗಿ ಮ್ಯಾಲೆ ಕುಂದರಬೇಕಾಗ್ತೈತಿ ನೋಡ್ರಿ," ಎಂದು ಅತ್ತೆ ಪಾದ್ರಿಯವರಿಗೆ ಅಂದೇಬಿಟ್ಟರು.

ಎಲ್ಲರೂ ನಕ್ಕರು. ಆದರೆ ಆ ವರ್ಷವೇ ಜಾಗ ಸಿಕ್ಕಿ ಗೋಡೆ ಏಳತೊಡಗಿತು. ಗಂಡಸರು ಪಾಳಿ ಮುಗಿಸಿ ಬಂದು ಕಲ್ಲು ಹೊರುತ್ತಿದ್ದರು. ನಾವು ಹೆಂಗಸರು ನೀರು ಹೊತ್ತೆವು.

ಕಟ್ಟುತ್ತಿದ್ದ ಗೌಂಡಿ ಮುಸಲ್ಮಾನರು, ಭಾರಿ ಮಾತುಗಾರರು. ವೇದಿಕೆಯ ಮುಂದೆ ಆಳವಾದ ತೊಟ್ಟಿ ಬೇಕೆಂದಾಗ ಅವರಿಗೆ ಅಚ್ಚರಿ. "ನಮ್ಮ ಮಸೂತ್ಯಾಗೂ ನೀರಿನ ಹೌದ ಐತ್ರಿ, ಕೈಕಾಲು ತೊಳಿಯಾಕ. ನಿಮಗ್ಯಾಕ ಇಷ್ಟು ಆಳ?"

"ನಮ್ಮಲ್ಲಿ ದೀಕ್ಷಾಸ್ನಾನ ಅಂದ್ರ ಹಣಿಗೆ ನೀರು ಚಿಮುಕಿಸೂದಲ್ರಿ. ಪೂರಾ ಮುಳುಗಿಸಿ ಎತ್ತೂದು," ಎಂದರು ಪಾದ್ರಿಯವರು.

"ಹಂಗಾರ ಮೊದಲ ಮುಳುಗೋರು ಯಾರು? ಅವರ ಅಳತಿ ಕೊಡ್ರಿ."

ಎಲ್ಲರ ಕಣ್ಣು ಅತ್ತೆಯ ಮೇಲೆ. ವರ್ಷಗಟ್ಟಲೆ ಸಭೆಗೆ ಮನೆ ಬಿಟ್ಟುಕೊಟ್ಟ ಅವರು ಮಾತ್ರ ದೀಕ್ಷಾಸ್ನಾನ ಪಡೆದಿರಲಿಲ್ಲ. ಉಳಿದವರೆಲ್ಲ ಉಣಕಲ್ ಕೆರೆಯಲ್ಲಿ ಮುಳುಗಿ ಬಂದಿದ್ದರು. "ಎಮ್ಮಿ ಮೈತೊಳಿಯೋರೆಲ್ಲಾ ನಿಂತು ನೋಡ್ತಾರ. ತೊಯ್ದ ಸೀರ್ಯಾಗ ನಾ ಹ್ಯಾಂಗ ಮ್ಯಾಲೆ ಬರ್ಲಿ?" ಎನ್ನುವುದು ಅತ್ತೆಯ ತಕರಾರು. ಈಗ ಆ ನೆಪವೂ ಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಣ ಗುಂಡಿಗೆ ಇಳಿದು ನಿಂತರು. ಗೌಂಡಿ ಅವರ ಎದೆಮಟ್ಟಕ್ಕೆ ಸರಿಯಾಗಿ ಗೋಡೆಗೆ ಸುಣ್ಣದ ಗೆರೆ ಎಳೆದರು.

ದೇವಾಲಯ ತೆರೆಯುವ ಹಿಂದಿನ ಸಂಜೆ ಕೊಡಗಟ್ಟಲೆ ನೀರು ಹೊತ್ತು ತೊಟ್ಟಿ ತುಂಬಿಸಿದೆವು. ಭಾನುವಾರ ಬೆಳಿಗ್ಗೆ ನೋಡಿದರೆ, ಪಾದ ತೊಯ್ಯುವಷ್ಟು ನೀರು ಉಳಿದಿತ್ತು! ಎಲ್ಲೋ ಬಿರುಕು. ಗೌಂಡಿ ಹಣೆ ಬಡಿದುಕೊಂಡರು. "ಗಿಲಾವು ಬಿಚ್ಚಿ ಮತ್ತ ಮಾಡ್ತೇನ್ರಿ ಅಮ್ಮಾರ. ಮುಂದಿನ ವಾರ ನೀರು ಖರೇ ನಿಂದರ್ತೈತಿ."

ಅತ್ತೆ ಬಿಳಿ ಸೀರೆಯುಟ್ಟು ತಯಾರಾಗಿ ನಿಂತಿದ್ದರು. ತೊಟ್ಟಿಯನ್ನೊಮ್ಮೆ ನೋಡಿದರು, ನಮ್ಮನ್ನೊಮ್ಮೆ ನೋಡಿದರು.

"ಮುಂದಿನ ವಾರದ ತನಕ ಕುಂತ್ರ ನನಗ ಮತ್ತ ಹೆದರಿಕಿ ಬರ್ತೈತ್ರಿ. ಲಗೂನ ಟಾಂಗಾ ತರಸ್ರಿ, ಉಣಕಲ್ಲಿಗೇ ಹೋಗೂಣು."

ಟಾಂಗಾದಲ್ಲಿ ಅತ್ತೆ ಮತ್ತು ನಾನು. ಹಿಂದೆ ಹಾಡುತ್ತ ನಡೆದ ಇಡೀ ಸಭೆ. ಅವರ ಜೊತೆ ಗೌಂಡಿಯೂ. ದಂಡೆಯ ಮೇಲೆ ಎಮ್ಮೆಗಳೂ ಇದ್ದವು, ನೋಡುವವರೂ ಇದ್ದರು. ಅತ್ತೆ ಯಾರ ಕಡೆಗೂ ತಿರುಗದೆ ಪಾದ್ರಿಯವರ ಕೈ ಹಿಡಿದು ಇಳಿದರು, ಮುಳುಗಿದರು, ಎದ್ದರು. ನಾನು ಓಡಿಹೋಗಿ ಕಂಬಳಿ ಹೊದಿಸಿದೆ. ಅವರ ತುಟಿ ನಡುಗುತ್ತಿತ್ತು.

"ಥಂಡಿ ಆತೇನ್ರಿ ಅತ್ತೀ?"

"ಇಲ್ಲವಾ. ಇಷ್ಟು ವರ್ಷ ಯಾಕ ತಡಾ ಮಾಡಿದ್ನೋ ಏನೋ," ಎಂದು ನನ್ನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಅದೇ ಮೊದಲ ಸಲ ಕಂಡದ್ದು.

ಕೂದಲು ಒಣಗುವ ಮೊದಲೇ ಮರಳಿ ಬಂದು, ಮೊದಲ ಆರಾಧನೆಗೆ ಹೊಸ ದೇವಾಲಯದ ಹೊಸ್ತಿಲನ್ನು ಎಲ್ಲರಿಗಿಂತ ಮುಂಚೆ ದಾಟಿದವರು ಅವರೇ. ಮುಂದಿನ ಚಾಪೆಯ ಮೇಲೆ ಗಟ್ಟಿಯಾಗಿ ಕುಳಿತರು. ಅಂದಿನ ಹಾಡಿನಲ್ಲಿ ನಮ್ಮೆಲ್ಲರಿಗಿಂತ ಒಂದು ಸಾಲು ಮುಂದೆ ಓಡುತ್ತಿದ್ದರು. ಅವರನ್ನು ಹಿಡಿಯುವುದೇ ನಮಗೆ ಕೆಲಸವಾಯಿತು.